ಲೋಕಲ್ ಗಾರ್ಡಿಯನ್‌ನ ಅಹವಾಲು

ಅಕ್ಕನ ಮಗಳಿಗೆ ಬೆಂಗಳೂರಿನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತು. ಅದರ ಬೆನ್ನಿಗೇ ನನಗೂ ಒಂದು ಹುದ್ದೆ ಸಿಕ್ಕಿತು: ಲೋಕಲ್ ಗಾರ್ಡಿಯನ್. ಸಂಬಳವಿಲ್ಲ, ಸಹಿ ಮಾತ್ರ. ಎರಡು ಫೋಟೊ, ಆಧಾರ್ ಜೆರಾಕ್ಸು, ಛಾಪಾ ಕಾಗದದ ಮೇಲೊಂದು ಮುಚ್ಚಳಿಕೆ. ನನ್ನ ಮನೆ ಇರುವುದು ಸರ್ಜಾಪುರ ರಸ್ತೆಯಲ್ಲಿ, ಹಾಸ್ಟೆಲ್ ಇರುವುದು ಊರಿನ ಆ ತುದಿಯಲ್ಲಿ. ಚಳ್ಳಕೆರೆಯಲ್ಲಿ ಬಸ್ಸು ಹತ್ತಿದ ಅಕ್ಕ ತುಮಕೂರು ದಾಟುವ ಹೊತ್ತಿಗೆ ನಾನು ಸಿಲ್ಕ್ ಬೋರ್ಡ್ ದಾಟಿದ್ದರೆ ಪುಣ್ಯ. ಆದರೂ ಕಾಗದದ ಮೇಲೆ ನಾನೇ ಲೋಕಲ್.

ಹಾಸ್ಟೆಲ್ ಪಟ್ಟಿ ಹೊರಬೀಳುವಷ್ಟರಲ್ಲಿ ಹುಡುಗಿಯ ಮೊದಲ ಇಂಟರ್ನಲ್ಸೇ ಮುಗಿದಿತ್ತು. ಅಲ್ಲಿಯವರೆಗೆ ಪಿಜಿ ವಾಸ. ಕೊನೆಗೂ ಸೀಟು ಸಿಕ್ಕಿ, ಟ್ರಂಕು, ಬಕೆಟ್ಟು, ಅಕ್ಕ ಕಟ್ಟಿಕೊಟ್ಟ ಚಟ್ನಿಪುಡಿಯ ಡಬ್ಬ ಹೊತ್ತು ಹೋದೆವು. ವಾರ್ಡನ್ ಮೇಡಂ ಬಹಳ ಅಂತಃಕರಣದವರು.

"ಇದನ್ನ ಹಾಸ್ಟೆಲ್ ಅಂದ್ಕೋಬೇಡಿ ಸಾರ್. ಮನೆ ಇದ್ದ ಹಾಗೆ. ನಾನು ಈ ಮಕ್ಕಳಿಗೆಲ್ಲ ತಾಯಿ ಇದ್ದ ಹಾಗೆ" ಅಂದರು.

ಅಕ್ಕನ ಕಣ್ಣಲ್ಲಿ ನೀರು ಬಂತು. ಅವಳು ಸೆರಗಿನಲ್ಲಿ ಒರೆಸಿಕೊಳ್ಳುವುದರೊಳಗೆ ಆ ತಾಯಿ ರಸೀದಿ ಪುಸ್ತಕ ತೆಗೆದರು. ಪ್ರವೇಶ ಶುಲ್ಕ, ಕೊಠಡಿ ಬಾಡಿಗೆ, ಕರೆಂಟು, ನೀರು, ಕ್ಯಾಶನ್ ಡಿಪಾಸಿಟ್, ಮೆಸ್ ಅಡ್ವಾನ್ಸು, ಪಾತ್ರೆ ಸವಕಳಿ. ನಾನು ತಿಂದು ಬೆಳೆದ ತಟ್ಟೆಗೆ ನಮ್ಮಮ್ಮ ಸವಕಳಿ ಲೆಕ್ಕ ಹಾಕಿದ್ದರೆ ಇವತ್ತಿಗೂ ಕಂತು ಕಟ್ಟುತ್ತಿದ್ದೆ.

ಈ 'ಮನೆ' ಅನ್ನುವ ಮಾತು ತಲೆಯಲ್ಲಿ ಕೂತುಬಿಟ್ಟಿತು. ಹಾಸ್ಟೆಲ್ ಮನೆಯೋ ಅಲ್ಲವೋ? ನನ್ನಂಥ ಕೆಲಸವಿಲ್ಲದವನು ಕೇಳುವ ಪ್ರಶ್ನೆ ಅಂದುಕೊಂಡಿದ್ದೆ. ವಿಚಾರಿಸಿದರೆ, ಕೈತುಂಬ ಕೆಲಸವಿರುವ ದೊಡ್ಡದೊಡ್ಡವರೂ ಇದೇ ಪ್ರಶ್ನೆಯ ಹಿಂದೆ ವರ್ಷಗಟ್ಟಲೆ ಓಡಾಡಿದ್ದಾರೆ.

2022ರ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟ್, ವಿದ್ಯಾರ್ಥಿಗಳೂ ಉದ್ಯೋಗಸ್ಥ ಮಹಿಳೆಯರೂ ಇರುವ ಹಾಸ್ಟೆಲ್ ವಾಸದ ಮನೆಯೇ, ಅದಕ್ಕೆ ಜಿಎಸ್‌ಟಿ ಬೇಡ ಅಂದಿತು. ಸರಿ, ಮನೆ. 2023ರ ಜುಲೈನಲ್ಲಿ, ಯಾವುದಕ್ಕೆ ತೆರಿಗೆ ಬೀಳುತ್ತದೆ ಅಂತ ಕೇಳಿದವರಿಗೆ ಮೊದಲೇ ಹೇಳುವ, ಇದೇ ರಾಜ್ಯದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರದ ಮುಂದೆ ಒಂದು ಪಿಜಿಯ ಅರ್ಜಿ ಬಂತು. ಪ್ರಾಧಿಕಾರ ಕೋಣೆಯೊಳಗೆ ಇಣುಕಿ ನೋಡಿತು. ಸಂಬಂಧವೇ ಇಲ್ಲದವರು ಒಟ್ಟಿಗೆ ಮಲಗುತ್ತಾರೆ, ಬಾಡಿಗೆ ಮಂಚದ ಲೆಕ್ಕ, ಒಬ್ಬೊಬ್ಬರಿಗೂ ಬೇರೆ ಅಡುಗೆಮನೆ ಇಲ್ಲ. ಇದೆಂಥ ಮನೆ? ಕಟ್ಟಿ ಶೇ 12. 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿಯ 53ನೇ ಸಭೆ ಪಂಚಾಯಿತಿ ಮಾಡಿ ಇತ್ಯರ್ಥಕ್ಕೆ ಬಂತು. ವಿದ್ಯಾಸಂಸ್ಥೆಯ ಹೊರಗಿನ ಹಾಸ್ಟೆಲ್ಲಿನಲ್ಲಿ ತಲೆಗೆ ತಿಂಗಳ ಬಾಡಿಗೆ 20,000 ರೂಪಾಯಿ ಮೀರದೆ, ಸತತ 90 ದಿನ ಇದ್ದರೆ ತೆರಿಗೆ ಇಲ್ಲ.

ನಮ್ಮ ಹುಡುಗಿ ಆ ಪಿಜಿಯಲ್ಲಿ ಇದ್ದದ್ದು 78 ದಿನ. ಇನ್ನು 12 ದಿನ ಅಲ್ಲೇ ಸೊಳ್ಳೆ ಹೊಡೆದುಕೊಂಡು ಕೂತಿದ್ದರೆ ಅದು ಮನೆಯಾಗಿಬಿಡುತ್ತಿತ್ತು. ಕೆಲವರಿಗೆ ಗೃಹಪ್ರವೇಶದ ಯೋಗ ಅಂಚಿಗೆ ಬಂದು ತಪ್ಪಿಹೋಗುತ್ತದೆ, ಏನು ಮಾಡುವುದು.

ಜನಗಣತಿಯವರದು ಇನ್ನೊಂದು ಮತ. ಅವರ ಕಣ್ಣಿಗೆ, ಸಂಬಂಧವಿಲ್ಲದ ಜನ ಒಂದು ಸಂಸ್ಥೆಯಲ್ಲಿದ್ದು ಒಂದೇ ಅಡುಗೆಮನೆಯ ಊಟ ಉಂಡರೆ ಅದು 'ಸಾಂಸ್ಥಿಕ ಕುಟುಂಬ'. ಅಂದರೆ ಯಾವ ಅಡುಗೆಮನೆಯ ದೆಸೆಯಿಂದ ತೆರಿಗೆಯವರು ಮನೆಯಲ್ಲ ಅಂದರೋ, ಅದೇ ಅಡುಗೆಮನೆಯ ದೆಸೆಯಿಂದ ಗಣತಿಯವರು ಕುಟುಂಬ ಅನ್ನುತ್ತಾರೆ. ಆ ಪಟ್ಟಿಯಲ್ಲಿ ಹಾಸ್ಟೆಲ್ ಜೊತೆಗೆ ಹೋಟೆಲು, ಅನಾಥಾಲಯ, ಆಶ್ರಮ, ಜೈಲು ಎಲ್ಲ ಇವೆ. ಇದನ್ನು ಅಕ್ಕನಿಗೆ ಹೇಳಲಿಲ್ಲ. ಹುಡುಗಿಗೆ ಹೇಳಿದೆ. "ಜೈಲಲ್ಲಿ ವಾರದ ಮೆನು ಗೋಡೆ ಮೇಲೆ ಹಾಕಿರ್ತಾರಂತೆ, ಹೌದಾ ಮಾಮ?" ಅಂತ ಆಸೆಯಿಂದ ಕೇಳಿದಳು.

ಊಟದ ಮಾತು ಬಂತಲ್ಲ. ಹಿಂದಿನವರು ವಾರಾನ್ನ ಉಂಡು ಓದಿದರು. ಸೋಮವಾರ ವಕೀಲರ ಮನೆ, ಮಂಗಳವಾರ ಶಾನುಭೋಗರ ಮನೆ, ಹೀಗೆ ಏಳು ಮನೆ, ಏಳು ಥರದ ಸಾರು, ಏಳು ಥರದ ಹಂಗು. ಹಾಸ್ಟೆಲ್ ಬಂದು ಆ ಹಂಗು ಕಳೆಯಿತು, ಅದು ಸಣ್ಣ ಮಾತಲ್ಲ. ಸಾರುಗಳೂ ಏಳರಿಂದ ಒಂದಕ್ಕೆ ಇಳಿದವು. ಬೆಳಿಗ್ಗೆ ಚಿತ್ರಾನ್ನ ಇಲ್ಲವೇ ಉಪ್ಪಿಟ್ಟು. ಈ ಉಪ್ಪಿಟ್ಟಿಗೆ ಹಾಸ್ಟೆಲ್ ಹುಡುಗರು ಕಾಂಕ್ರೀಟು ಅನ್ನುವುದು ನಮ್ಮ ಕಾಲದಿಂದಲೂ ಇದ್ದದ್ದೇ, ಈಗಿನದಕ್ಕೆ ಕಂಬಿಯೊಂದು ಕಡಿಮೆ. ಹುಡುಗಿಯರು ಒಂದು ದಿನ ತಟ್ಟೆ ಹಿಡಿದು ಕೌಂಟರಿನ ಮುಂದೆ ನಿಂತು, ಒಂಚೂರು ಒಗ್ಗರಣೆ ಕಾಣುವ ಹಾಗೆ ಮಾಡಬಾರದೇ ಅಂತ ಕೇಳಿದರಂತೆ. ಮೆಸ್ ಕಂಟ್ರಾಕ್ಟರು ಸೌಟು ಕೆಳಗಿಡದೆ ಕೇಳಿದ: "ಏನಮ್ಮಾ, ಇದೇನ್ ನಿಮ್ಮನೆ ಅಂದ್ಕೊಂಡ್ರಾ?"

ಆಗ ಬೆಳಿಗ್ಗೆ ಎಂಟು ಗಂಟೆ. ಮನೆಯಲ್ಲ.

ಅವತ್ತೇ ಸಂಜೆ ಹುಡುಗಿ ಲೈಬ್ರರಿಯಿಂದ ಏಳೂ ಹತ್ತಕ್ಕೆ ಬಂದಳು. ಗೇಟು ಮುಚ್ಚುವುದು ಏಳಕ್ಕೆ. ಲೋಕಲ್ ಗಾರ್ಡಿಯನ್ನಿಗೆ ಫೋನು ಬಂತು. ಎರಡೂವರೆ ಗಂಟೆ ಆಟೊ, ಬಸ್ಸು, ಮೆಟ್ರೊ ಮಾಡಿಕೊಂಡು, ಹತ್ತು ನಿಮಿಷ ತಡವಾದದ್ದಕ್ಕೆ ವಿವರಣೆ ಕೊಡಲು ಹೋದೆ.

"ಲೈಬ್ರರಿ ಎಷ್ಟು ಹೊತ್ತಿನ ತನಕ ತೆಗೆದಿರತ್ತೆ ಮೇಡಂ?"

"ಹತ್ತರ ತನಕ."

"ಗಂಡುಮಕ್ಕಳ ಹಾಸ್ಟೆಲ್ ಗೇಟು?"

"ಅದು ಎರಡು ವರ್ಷದ ಹಿಂದೆ ಕಿತ್ತೋಯ್ತು. ಟೆಂಡರ್ ಆಗಿಲ್ಲ."

ಸುರಕ್ಷತೆಯ ನೆಪ ಮಾಡಿಕೊಂಡು ವಿದ್ಯಾರ್ಥಿನಿಯರ ಹಾಸ್ಟೆಲ್ಲಿಗೆ ಬೇರೆ, ಹುಡುಗರ ಹಾಸ್ಟೆಲ್ಲಿಗೆ ಬೇರೆ ನಿಯಮ ಹೇರಬಾರದು ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2016ರಲ್ಲಿ ಜಾರಿಗೆ ತಂದ ನಿಯಮಾವಳಿಯಲ್ಲೇ ಇದೆಯಲ್ಲ ಮೇಡಂ, ಅಂದೆ. ಮುದ್ರಿಸಿಕೊಂಡೂ ಹೋಗಿದ್ದೆ. ಅವರು ಕಾಗದ ತೆಗೆದುಕೊಂಡು, ನೀಟಾಗಿ ಮಡಿಸಿ, ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗಿಟ್ಟರು.

"ಅದು ಯುಜಿಸಿ ರೂಲು ಸಾರ್. ಇದು ಮನೆ. ನಿಮ್ಮನೇಲಿ ಹೆಣ್ಣುಮಗು ರಾತ್ರಿ ಹೊತ್ತಾಗಿ ಬಂದ್ರೆ ಬಾಗಿಲು ತೆಗೀತೀರಾ?"

"ತೆಗೀತೀನಿ ಮೇಡಂ. ತೆಗೀದೆ ಇನ್ನೇನು ಮಾಡ್ಲಿ?"

ಅವರು ನನ್ನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ನನ್ನ ಗಾರ್ಡಿಯನ್ ಫಾರಂ ಮೇಲೆ ಕೆಂಪು ಪೆನ್ನಿನಲ್ಲಿ ಏನೋ ಬರೆದುಕೊಂಡರು.

ಕೋಣೆಯ ಸಂಗತಿ ಹೇಳಲಿಲ್ಲ. ಮೂರು ಮಂಚ, ಐದು ಜನ. ಇಬ್ಬರು ದಾಖಲೆಯಲ್ಲಿ ಇಲ್ಲದವರು, ಸೀಟು ಸಿಗದ ಗೆಳತಿಯರು. ಹಾಸ್ಟೆಲ್ ಭಾಷೆಯಲ್ಲಿ ಗೆಸ್ಟು. ತಪಾಸಣೆಯ ದಿನ ಒಬ್ಬಳು ಬಟ್ಟೆ ಒಣಗಿಸುವ ನೆಪದಲ್ಲಿ ಟೆರೇಸಿನ ಮೇಲೆ, ಇನ್ನೊಬ್ಬಳು ಬಚ್ಚಲಲ್ಲಿ. ಸರ್ಕಾರಿ ಹಾಸ್ಟೆಲ್ಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ 2013-14ರಲ್ಲಿ ವಿದ್ಯಾಸಿರಿ ಯೋಜನೆ ಬಂತು. ಊಟ, ವಸತಿ ಎರಡಕ್ಕೂ ಸೇರಿ ಆಗ ತಿಂಗಳಿಗೆ 1,500 ರೂಪಾಯಿ, ಹತ್ತು ತಿಂಗಳು. ಒಳ್ಳೆಯ ಯೋಜನೆ, ನಗೆಯಾಡುವಂಥದ್ದಲ್ಲ. ನನ್ನ ಅನುಮಾನ ಅಂಕಗಣಿತದ್ದು ಮಾತ್ರ. ಆ ದುಡ್ಡಿನಲ್ಲಿ ಬೆಂಗಳೂರಿನಲ್ಲಿ ಮಂಚದ ಎಷ್ಟನೇ ಕಾಲು ಬಾಡಿಗೆಗೆ ಸಿಗುತ್ತದೆ, ಉಳಿದೆರಡು ತಿಂಗಳು ವಿದ್ಯಾರ್ಥಿಗೆ ಹಸಿವಾಗುವುದಿಲ್ಲ ಅಂತ ಕಂಡುಹಿಡಿದವರು ಯಾರು?

ಮೆಸ್ಸಿಗೆ ವಿದ್ಯಾರ್ಥಿಗಳೇ ಆರಿಸಿದ ಸಮಿತಿ ಬೇಕು ಅಂತ ಹುಡುಗಿಯರು ಅರ್ಜಿ ಕೊಟ್ಟರು. "ಚುನಾವಣೆ ಎಲ್ಲ ಬೇಡ, ಮನೇಲಿ ಯಾರಾದ್ರೂ ವೋಟ್ ಹಾಕಿ ಸಾರು ಮಾಡ್ತಾರಾ?" ಅಂತ ವಾರ್ಡನ್ ಮೇಡಂರಿಂದ ಉತ್ತರ ಬಂತು. ಅವರದೇನೂ ಸ್ವಂತ ಬುದ್ಧಿಯಲ್ಲ, ಪರಂಪರೆಯೇ ಹಾಗಿದೆ. 1989ರ ಮಾರ್ಚ್‌ನಲ್ಲಿ ಸಂವಿಧಾನದ 61ನೇ ತಿದ್ದುಪಡಿ ಜಾರಿಯಾಗಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಅದೇ 1989ರಲ್ಲಿ ಕರ್ನಾಟಕದಲ್ಲಿ ಕಾಲೇಜು ಚುನಾವಣೆಗಳು ನಿಂತವು, ಗಲಾಟೆಯಾಗುತ್ತದೆ ಅಂತ. ವಿಧಾನಸಭೆಯ ಚುನಾವಣೆಗಳು ಮಾತ್ರ, ಎಲ್ಲರಿಗೂ ಗೊತ್ತಿರುವ ಹಾಗೆ, ಹರಿಕಥೆಯಷ್ಟು ಶಾಂತವಾಗಿ ನಡೆಯುತ್ತ ಬಂದಿವೆ. ಹಾಗಾಗಿ ನಮ್ಮ ಹುಡುಗಿ ದೇಶದ ಪ್ರಧಾನಿ ಯಾರಾಗಬೇಕು ಅಂತ ತೀರ್ಮಾನಿಸಬಹುದು, ಗುರುವಾರ ಇಡ್ಲಿ ಆಗಬೇಕೋ ಬೇಡವೋ ಅಂತ ತೀರ್ಮಾನಿಸುವಷ್ಟು ಪ್ರಬುದ್ಧಳಲ್ಲ.

ಕಾಲೇಜುಗಳಿಗೆ ಗ್ರೇಡು ಕೊಡುವ ನ್ಯಾಕ್ ತಂಡ ಬರುವ ಸುದ್ದಿ ಬಂದಾಗ ಮಾತ್ರ ಇಡ್ಲಿ ತಾನಾಗಿ ಬಂತು. ಸುಣ್ಣ ಬಂತು, ಕಿಟಕಿಗೆ ಪರದೆ ಬಂತು, ಹಸಿ ಕಸ ಒಣ ಕಸದ ಎರಡು ಡಬ್ಬ ಬಂದವು (ಕಸ ಹಾಕಬಾರದು ಅಂತ ಆಯಾ ಕಾವಲಿಗೆ ನಿಂತಿದ್ದಳು). ಕೇರಂ ಬೋರ್ಡು ಬಂತು, ಪೌಡರು ಸಮೇತ. ಎಥ್ನಿಕ್ ಡೇಗೆ ಉಟ್ಟ ಸೀರೆಯಲ್ಲೇ ಹುಡುಗಿಯರು ಆರತಿ ಹಿಡಿದು ನಿಂತರು. ಮುಖ್ಯದ್ವಾರದ ಮೇಲೆ ಫ್ಲೆಕ್ಸು: 'ಮನೆಯಿಂದ ದೂರ, ಮನೆಯ ವಾತಾವರಣ'. ಐದು ಜನರ ಕೋಣೆಯಲ್ಲಿ ಅವತ್ತು ಇಬ್ಬರೇ ಇದ್ದರು, ಉಳಿದ ಮೂವರು ದಿನವಿಡೀ ಬಸ್ ಸ್ಟಾಂಡಿನಲ್ಲಿ ಕೂತು ಕಡಲೆಕಾಯಿ ತಿಂದರು. ತಂಡ ಹೋದ ಸಂಜೆಗೇ ಪರದೆ ಇಳಿದು ಸ್ಟೋರ್ ರೂಮ್ ಸೇರಿತು, ಇನ್ನು ಐದು ವರ್ಷಕ್ಕೆ ಮತ್ತೆ ಬೇಕಲ್ಲ. ಕೇರಂ ಕಾಯಿಗಳಲ್ಲಿ ಕೆಂಪು ಕಾಯೊಂದು ನಮ್ಮ ಹುಡುಗಿಯ ಹತ್ತಿರ ಉಳಿದುಬಿಟ್ಟಿದೆ. ನೋ ಡ್ಯೂ ಸರ್ಟಿಫಿಕೇಟಿನ ದಿನ ಅದಕ್ಕೂ ಸವಕಳಿ ಕೇಳಿಯಾರು ಅನ್ನುವ ಭಯ ಅವಳಿಗೆ.

ಮೊನ್ನೆ ಫೋನು ಮಾಡಿದಳು. ಬ್ಯಾಂಕ್ ಖಾತೆಯ ಫಾರಂ ತುಂಬುತ್ತಿದ್ದಳಂತೆ.

"ಮಾಮ, ಇಲ್ಲಿ 'ಈಗಿನ ಮನೆ ವಿಳಾಸ' ಅಂತ ಕೇಳಿದಾರೆ. ಹಾಸ್ಟೆಲ್ದು ಬರೀಬಹುದಾ?"

"ಟೈಮೆಷ್ಟು ಈಗ?"

"ಆರೂ ಮುಕ್ಕಾಲು."

"ಇನ್ನು ಕಾಲು ಗಂಟೆ ತಡಿ ಕಣೆ" ಅಂದೆ. "ಏಳು ಹೊಡೀಲಿ, ಆಮೇಲೆ ಬರಿ."