ಸ್ಪಷ್ಟನೆ: ಸ್ಪಿನ್ನರ್ ಜೋರಾಗಿ ಎಳೆದರೆ ಟ್ರೌಟ್ ಜಾಸ್ತಿ ಬೀಳುತ್ತವೆಯೇ?

ಹಿಮಾಚಲದ ತೀರ್ಥನ್ ನದಿಗೆ ಟ್ರೌಟ್ ಮೀನಿಗಾಗಿ ಗಾಳ ಹಿಡಿದು ಹೊರಡುವವರ ನಡುವೆ ಸ್ಪಿನ್ನರ್ (ಎಳೆದಾಗ ತಿರುಗುವ ಸಣ್ಣ ತಗಡು ಇರುವ ಗಾಳ) ಬಗ್ಗೆ ಒಂದು ಮಾತು ಓಡಾಡುತ್ತಿದೆ: "ನೀರು ಹರಿಯುವ ಕಡೆಗೆ ಸ್ಪಿನ್ನರ್ ಎಸೆದು ಜೋರಾಗಿ ಎಳೆಯಿರಿ. ಮಿಂಚಿದಷ್ಟೂ ಟ್ರೌಟ್ ಬೀಳುತ್ತವೆ."

ಇದು ಸರಿಯಲ್ಲ. ಟ್ರೌಟ್ ನೀರು ಬರುವ ದಿಕ್ಕಿಗೆ ಮುಖ ಮಾಡಿ, ಬಂಡೆಯ ಮರೆಯಲ್ಲಿ ನಿಂತು, ತೇಲಿ ಬರುವ ಆಹಾರಕ್ಕೆ ಕಾಯುತ್ತದೆ. ನೀವು ಮೇಲಿನಿಂದ ಇಳಿದು ಬಂದರೆ ಅದರ ಕಣ್ಣಿಗೆ ಮೊದಲು ಬೀಳುವುದು ನೀವೇ ಅಲ್ವಾ? ಅದರ ಹಿಂದೆ ನಿಂತು, ಮೇಲ್ಗಡೆಗೆ ಓರೆಯಾಗಿ ಎಸೆಯಿರಿ. ರೀಲನ್ನು ಹರಿವಿಗಿಂತ ತುಸುವೇ ಬೇಗ ಸುತ್ತಿ. ತಗಡು ತಿರುಗಿದರೆ ಸಾಕು. ತಿರುಗುತ್ತಿದ್ದರೆ ಕೋಲಿನ ತುದಿ ಸಣ್ಣಗೆ ಅದುರುತ್ತದೆ, ಬೆರಳಿಗೆ ಗೊತ್ತಾಗುತ್ತದೆ. ಆ ಅದುರು ನಿಂತರೆ ತಗಡು ತಿರುಗುತ್ತಿಲ್ಲ, ಸ್ಪಿನ್ನರ್ ತಳಕ್ಕಿಳಿಯುತ್ತಿದೆ ಎಂದರ್ಥ.

ಬರೀ ಮಿಂಚು ನೋಡಿ ಮೀನು ಬರುವುದಿಲ್ಲ. ಅದರ ಪಕ್ಕೆಯುದ್ದಕ್ಕೂ ಇರುವ ಗೆರೆ ನೀರಿನ ಅದುರನ್ನು ಹಿಡಿಯುತ್ತದೆ. ಜೋರಾಗಿ ಎಳೆದರೆ ಸ್ಪಿನ್ನರ್ ಸುಮ್ನೆ ಮೇಲೆ ತೇಲಿ ಬರುತ್ತದೆ. ತಣ್ಣನೆ ನೀರಿನಲ್ಲಿ ತಳ ಹಿಡಿದ ಮೀನು ಅಷ್ಟು ದೂರ ಏಳುವುದು ಅಪರೂಪ. ಸ್ಪಿನ್ನರ್ ಸೈಜು ಕೂಡ ಸಣ್ಣದೇ ಇರಲಿ, 0ಯಿಂದ 2ನೇ ನಂಬರ್ ಸಾಕು. ದಾರ ಮುರಿಗೆ ಬೀಳದಂತೆ ಸ್ವಿವೆಲ್ (ತಿರುಗುವ ಸಣ್ಣ ಕೊಂಡಿ) ಕಟ್ಟಿ.

"ಅಲ್ಲಿ ಪರವಾನಗಿ ಬೇಡ" ಎನ್ನುವುದೂ ಸುಳ್ಳು. ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕೇ ಬೇಕು. ಚಳಿಗಾಲದಲ್ಲಂತೂ ಟ್ರೌಟ್ ಹಿಡಿಯುವುದಕ್ಕೆ ನಿಷೇಧವಿದೆ. ಆಗ ಬ್ರೌನ್ ಟ್ರೌಟ್ ಹೊಳೆಯ ಗರಸು ಕೆದಕಿ ಮೊಟ್ಟೆ ಇಡುತ್ತಿರುತ್ತದೆ. ದಯವಿಟ್ಟು ಆ ಜಾಗಕ್ಕೆ ಕಾಲನ್ನೂ ಇಡಬೇಡಿ.