ಹಣ ಕೊಡುವ ಹಳೆಯ ವಿದ್ಯಾರ್ಥಿಗೆ ಕಾಲೇಜಿನ ಆಡಳಿತದಲ್ಲೂ ಮಾತು ಇರಬೇಕೇ?

ಪರ: ಲೆಕ್ಕ ಕೇಳುವ ಹಕ್ಕಿಲ್ಲದ ಕಡೆ ಹಣ ನಿಲ್ಲುವುದಿಲ್ಲ
(ನಿವೃತ್ತ ಬ್ಯಾಂಕ್ ಅಧಿಕಾರಿ, ಹಳೆಯ ವಿದ್ಯಾರ್ಥಿಗಳ ಸಂಘವೊಂದರ ಖಜಾಂಚಿ)

ಈ ಚರ್ಚೆಯಲ್ಲಿ ಪರವಾಗಿ ಬರೆಯಬೇಕೆಂದು ಕೇಳಿದಾಗ ನಾನು ಒಪ್ಪಿಕೊಂಡದ್ದು ಖಜಾಂಚಿಯಾಗಿಯೇ ಹೊರತು ಅತ್ಯುತ್ಸಾಹದಿಂದಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ಅಧಿಕಪ್ರಸಂಗಿಗಳೂ ಇದ್ದಾರೆಂಬುದನ್ನು ಸಂಘದ ಸಭೆಗಳಲ್ಲಿ ಕೂತವರಿಗೆ ಹೇಳಿಕೊಡಬೇಕಾಗಿಲ್ಲ. ಆದರೂ ಹಣ ಪಡೆದ ಮೇಲೆ ಕೊಟ್ಟವರನ್ನು ಬಾಗಿಲಾಚೆ ನಿಲ್ಲಿಸುವ ಪದ್ಧತಿಯಿಂದ ಕಾಲೇಜಿಗೇ ನಷ್ಟವೆಂದು ಲೆಕ್ಕ ಹೇಳುತ್ತದೆ.

ನಮ್ಮ ಕಡೆ ಸಾಮಾನ್ಯವಾಗಿ ನಡೆಯುವುದು ಹೀಗೆ. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಸ್ನೇಹ ಸಮ್ಮಿಲನ ಏರ್ಪಡುತ್ತದೆ. ವೇದಿಕೆಯಲ್ಲಿ ಒಬ್ಬರು ಐವತ್ತು ಸಾವಿರ ಘೋಷಿಸಿದರೆ ಇನ್ನೊಬ್ಬರು ಲಕ್ಷ ಎನ್ನುತ್ತಾರೆ. ಬಂದದ್ದೆಲ್ಲ ಅದೇ ವರ್ಷ ಕುರ್ಚಿ, ಬಣ್ಣ, ಧ್ವನಿವರ್ಧಕಗಳಿಗೆ ಕರಗಿಹೋಗುತ್ತದೆ. ಅದರ ಬದಲು 20 ಲಕ್ಷ ರೂಪಾಯಿಯ ಕಾಯಂ ನಿಧಿ ಕೂಡಿಸಿ ಶೇ. 7ರ ಬಡ್ಡಿಗೆ ಠೇವಣಿ ಇಟ್ಟರೆ ವರ್ಷಕ್ಕೆ 1 ಲಕ್ಷ 40 ಸಾವಿರ ರೂಪಾಯಿ ಬರುತ್ತದೆ. ತಲಾ 7 ಸಾವಿರದಂತೆ 20 ಮಕ್ಕಳ ಶುಲ್ಕಕ್ಕೂ ಪುಸ್ತಕಕ್ಕೂ ಒದಗುತ್ತದೆ, ಅಸಲನ್ನು ಮುಟ್ಟಬೇಕಾಗಿಲ್ಲ. ಆದರೆ ಆ ಅಸಲನ್ನು ಕಾಯುವವರು ಯಾರು? ಪ್ರಾಂಶುಪಾಲರು ವರ್ಗವಾಗಿ ಹೋಗುತ್ತಾರೆ, ಶಾಸಕರು ಬದಲಾಗುತ್ತಾರೆ. ಇಪ್ಪತ್ತು ವರ್ಷ ಕಳೆದ ಮೇಲೂ ಅದೇ ಕಡತವನ್ನು ತೆರೆದು ನೋಡುವ ಆಸಕ್ತಿ ಉಳಿದಿರುವುದು ಅಲ್ಲೇ ಓದಿ ಅಲ್ಲೇ ನೆಲೆಸಿದವನಿಗೆ ಮಾತ್ರ.

ತೆರಿಗೆ ಉಳಿಸಲು ಜನ ದಾನ ಕೊಡುತ್ತಾರೆಂಬ ಮಾತಿದೆ. ಸಂಘಕ್ಕೆ 80ಜಿ, ಅಂದರೆ ದಾನಿಗಳಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ ಮಾನ್ಯತೆ ಇದ್ದರೂ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ, ಅದೂ ಸಾಮಾನ್ಯವಾಗಿ ಕೊಟ್ಟದ್ದರ ಅರ್ಧಕ್ಕೆ ಮಾತ್ರ, ಒಂದು ಮಿತಿಯೊಳಗೆ ವಿನಾಯಿತಿ ಸಿಗುತ್ತದೆ. 2 ಸಾವಿರ ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಅದೂ ಇಲ್ಲ. ಹೊಸ ಪದ್ಧತಿಯಲ್ಲಿರುವವರಿಗೆ ಏನೂ ಇಲ್ಲ. ಹೀಗಿದ್ದೂ ಕೊಡುತ್ತಾರೆಂದರೆ ತಮ್ಮ ಹಣ ಏನಾಯಿತೆಂದು ತಿಳಿಯುವ ಆಸೆಯಿಂದ ಕೊಡುತ್ತಾರೆ. ಹೊರದೇಶದಲ್ಲಿರುವವರ ಸಂಗತಿ ಇನ್ನೂ ತೊಡಕಿನದು. ಭಾರತದ ಪೌರತ್ವ ಉಳಿಸಿಕೊಂಡವರು ಸ್ವಂತ ಉಳಿತಾಯದಿಂದ ಕೊಟ್ಟರೆ ಅಡ್ಡಿಯಿಲ್ಲ. ಅಮೆರಿಕದ ಪೌರತ್ವ ಪಡೆದವರು ಕೊಟ್ಟರೆ ಅದು ವಿದೇಶಿ ವಂತಿಗೆಯಾಗುತ್ತದೆ, ಅದನ್ನು ಪಡೆಯಲು ಸಂಘಕ್ಕೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿಯೂ ದೆಹಲಿಯ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಖಾತೆಯೂ ಬೇಕು. ತಾಲ್ಲೂಕು ಮಟ್ಟದ ಸಂಘಕ್ಕೆ ಇದೆಲ್ಲ ಎಲ್ಲಿಂದ ಬರಬೇಕು? ಅಂಥವರು ನಮಗೆ ಸುಲಭವಾಗಿ ಕೊಡಬಲ್ಲದ್ದು ಸಲಹೆ ಮತ್ತು ಸಮಯ. ಅದನ್ನೂ ಬೇಡವೆನ್ನಬೇಕೇ?

ಹೊಸದೇನನ್ನೂ ನಾವು ಕೇಳುತ್ತಿಲ್ಲ. ಮಾನ್ಯತೆ ಪಡೆದ ಪ್ರತಿ ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಕೋಶದಲ್ಲಿ ಹಳೆಯ ವಿದ್ಯಾರ್ಥಿಗಳ ಪ್ರತಿನಿಧಿ ಇರಬೇಕೆಂದೂ, ಮೂರು ತಿಂಗಳಿಗೊಮ್ಮೆಯಾದರೂ ಅದು ಸಭೆ ಸೇರಬೇಕೆಂದೂ ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆಯಾದ ನ್ಯಾಕ್ ಹೇಳಿದೆ. ಕಾಲೇಜಿನ ಮೌಲ್ಯಮಾಪನದಲ್ಲಿ ಹಳೆಯ ವಿದ್ಯಾರ್ಥಿಗಳ ತೊಡಗುವಿಕೆಗೆ ಅಂಕವೂ ಇದೆ. ಹಲವೆಡೆ ಆ ಪ್ರತಿನಿಧಿಯನ್ನು ಕರೆಯುವುದು ಪರಿಶೀಲನಾ ತಂಡ ಬರುವ ದಿನ ಮಾತ್ರ.

2023ರಲ್ಲಿ ನಂದನ್ ನಿಲೇಕಣಿಯವರು ತಾವು ಓದಿದ ಬಾಂಬೆ ಐಐಟಿಗೆ 315 ಕೋಟಿ ರೂಪಾಯಿ ಕೊಟ್ಟಾಗ ಎಲ್ಲರೂ ಕೊಂಡಾಡಿದರು. ಅದೇ ಕೆಲಸವನ್ನು ಸೊರಬದಲ್ಲೋ ಹೊಸನಗರದಲ್ಲೋ ಸಾವಿರದ ಲೆಕ್ಕದಲ್ಲಿ ಮಾಡಿದವನು ಸಭೆಯಲ್ಲಿ ಬಾಯಿ ತೆರೆದರೆ ಮಾತ್ರ ದರ್ಪವೆನಿಸುತ್ತದೆ. ಎಲ್ಲವನ್ನೂ ಸರ್ಕಾರವೇ ಮಾಡಲಿ ಎಂದು ಕೈಕಟ್ಟಿ ಕೂರುವವರು ಇದನ್ನು ಒಪ್ಪಲಾರರು. ಅವರ ಮಾತು ಕೇಳಿದ್ದರೆ 1946ರಲ್ಲಿ ಶಿವಮೊಗ್ಗದಲ್ಲಿ ನ್ಯಾಷನಲ್ ಎಜುಕೇಶನ್ ಸೊಸೈಟಿಯಂಥ ಖಾಸಗಿ ಶಿಕ್ಷಣ ಸಂಸ್ಥೆ ಹುಟ್ಟುತ್ತಿತ್ತೇ? ಮತ ಹಾಕುವ ಅಧಿಕಾರ ಬೇಡವೆಂದಾದರೆ ನನಗೂ ತಕರಾರಿಲ್ಲ. ಕೂರಲು ಒಂದು ಜಾಗ, ವರ್ಷಕ್ಕೊಮ್ಮೆ ಲೆಕ್ಕಪತ್ರ, ಇಷ್ಟಾದರೆ ಸಾಕು.

ವಿರೋಧ: ಖಾಲಿ ಹುದ್ದೆಯ ಮೇಲೆ ದಾನಿಯ ಹೆಸರು ಕೆತ್ತಿಸಲಾಗದು
(ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿ)

ಖಜಾಂಚಿಗಳ ಬಡ್ಡಿಯ ಲೆಕ್ಕ ಸರಿಯಾಗಿಯೇ ಇದೆ, ಅದರಲ್ಲಿ ತಪ್ಪು ಹುಡುಕಲು ನಾನು ಹೊರಟಿಲ್ಲ. ‘ಕೂರಲು ಒಂದು ಜಾಗ ಸಾಕು’ ಎಂಬ ಅವರ ವಿನಯವನ್ನು ಮಾತ್ರ ನಂಬಲಾರೆ. ಸೇವೆಯ ಬಹುಪಾಲನ್ನು ಮಲೆನಾಡಿನ ಸರ್ಕಾರಿ ಕಾಲೇಜುಗಳಲ್ಲಿ ಕಳೆದ ನಾನು ಆ ಜಾಗದಲ್ಲಿ ಕೂತವರು ಏನು ಮಾಡಿದರೆಂಬುದನ್ನು ಕಣ್ಣಾರೆ ಕಂಡಿದ್ದೇನೆ. ಮದುವೆಗೆ ಬಂದು ಮುಯ್ಯಿ ಮಾಡಿದವರೆಲ್ಲ ಆಮೇಲೆ ಸಂಸಾರ ನಡೆಸುವುದನ್ನು ಹೇಳಿಕೊಡಲು ಮನೆಯಲ್ಲೇ ಉಳಿದುಬಿಟ್ಟರೆ ಹೇಗಿರುತ್ತದೋ ಹಾಗಿತ್ತು ಅದು.

ಘಟ್ಟದ ಅಂಚಿನ ಒಂದು ಊರಿನ ಕಾಲೇಜು, ಹೆಸರು ಬೇಡ. ನಮ್ಮ ಪ್ರಯೋಗಾಲಯಕ್ಕೆ ಹಂಚಿನ ಮಾಡು. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ತಕ್ಕಡಿಗಳಿಗೆ ಪ್ಲಾಸ್ಟಿಕ್ ಹೊದಿಸಿ, ಮೇಜುಗಳನ್ನು ಗೋಡೆಯಿಂದ ಆಚೆಗೆ ಸರಿಸಿ, ಸೋರುವ ಕಡೆ ಬಕೆಟ್ ಇಟ್ಟು ಪಾಠ ಮಾಡಬೇಕಿತ್ತು. ಫೆರಿಕ್ ಕ್ಲೋರೈಡ್ ಗಾಳಿಯ ತೇವ ಹೀರಿ ಸೀಸೆಯಲ್ಲೇ ನೀರಾಗುತ್ತಿತ್ತು. ಹಳೆಯ ವಿದ್ಯಾರ್ಥಿಗಳ ಸಂಘದವರು ಕೊಡುಗೆ ಕೊಡುತ್ತೇವೆಂದು ಬಂದಾಗ ನಾನು ಮಾಡು ರಿಪೇರಿ ಮಾಡಿಸಿಕೊಡಿ ಎಂದೆ. ಕಟ್ಟಡ ಲೋಕೋಪಯೋಗಿ ಇಲಾಖೆಗೆ ಸೇರಿದ್ದು, ಅದರಲ್ಲಿ ಕೈಹಾಕುವಂತಿಲ್ಲ ಎಂದರು. ಆದರೆ ಅದೇ ಆವರಣದಲ್ಲಿ ಕಲ್ಲಿನ ಮಹಾದ್ವಾರ ಎದ್ದು ನಿಲ್ಲುವುದಕ್ಕೆ ಯಾವ ಇಲಾಖೆಯೂ ಅಡ್ಡ ಬರಲಿಲ್ಲ. ನುಣುಪಾದ ಗ್ರಾನೈಟ್ ಫಲಕದ ಮೇಲೆ ದಾನಿಗಳ ಹೆಸರು ಕೊಟ್ಟ ಹಣದ ಕ್ರಮದಲ್ಲಿತ್ತು. ಸೋರದ ಮಾಡಿನ ಮೇಲೆ ಹೆಸರು ಬರೆಸಿದರೆ ಯಾರಿಗೆ ಕಾಣುತ್ತದೆ, ಹೇಳಿ.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮರುವರ್ಷ ಅದೇ ದಾನಿಗಳಲ್ಲಿ ಕೆಲವರು ಕಾಲೇಜು ಅಭಿವೃದ್ಧಿ ಸಮಿತಿಗೆ ವಿಶೇಷ ಆಹ್ವಾನಿತರಾಗಿ ಬಂದರು. ಸರ್ಕಾರಿ ಕಾಲೇಜುಗಳಲ್ಲಿ ಈ ಸಮಿತಿಗೆ ಸ್ಥಳೀಯ ಶಾಸಕರೇ ಅಧ್ಯಕ್ಷರು. ಅವರ ಮುಂದೆ ಬೆಂಗಳೂರಿನಿಂದ ಬಂದವರ ಮಾತಿಗೆ ಇರುವ ತೂಕ ಉಪನ್ಯಾಸಕರ ಮಾತಿಗೆ ಇರುವುದಿಲ್ಲ. ಪರದೆಯ ಮೇಲೆ ಸ್ಲೈಡುಗಳನ್ನು ತೋರಿಸಿ ಅವರು ಕೊಟ್ಟ ಮಾರ್ಗದರ್ಶನ ಇದು: ಬಿ.ಎಸ್ಸಿ. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ವಿಭಾಗದಲ್ಲಿ ಇರುವವರು ಹನ್ನೊಂದೇ ಮಂದಿ, ಅದನ್ನು ಮುಚ್ಚಿ, ಬಿ.ಕಾಂ.ಗೆ ಇನ್ನೊಂದು ವಿಭಾಗ ತೆರೆಯಿರಿ, ನಾವು ಕಂಪ್ಯೂಟರ್ ಕೊಡುತ್ತೇವೆ. ವಿಜ್ಞಾನ ಬೇಕಾದವರು ಶಿವಮೊಗ್ಗಕ್ಕೆ ಹೋಗಲಿ, ಹೇಗೂ ಈಗ ಹೆಣ್ಣುಮಕ್ಕಳಿಗೆ ಬಸ್ ಉಚಿತವಲ್ಲವೇ?

ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದದ್ದು ನಿಜ. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ಮಲೆನಾಡಿನ ಒಳದಾರಿಗಳಲ್ಲಿ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸು. ಅಲ್ಲಿ ಉಚಿತವೂ ಇಲ್ಲ, ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಮನೆ ಸೇರುವ ದಾರಿಯೂ ಇಲ್ಲ. ಆ ಹನ್ನೊಂದರಲ್ಲಿ ಎಂಟು ಮಂದಿ ಹುಡುಗಿಯರು. ಮೇನ್ ರೋಡಿಗೆ ನಡೆದು ಬಂದು ಬಸ್ ಹಿಡಿಯುವ ಅವರನ್ನು ಶಿವಮೊಗ್ಗದ ಹಾಸ್ಟೆಲಿಗೆ ಕಳಿಸಲು ಎಷ್ಟು ಮನೆಗಳು ಒಪ್ಪುತ್ತಿದ್ದವೆಂಬುದು ಅದೇ ಊರಲ್ಲಿ ಹುಟ್ಟಿ ಬೆಳೆದ ಈ ಸಲಹೆಗಾರರಿಗೆ ಗೊತ್ತಿರಬೇಕಿತ್ತು. ಗೊತ್ತಿತ್ತೇನೋ, ಮರೆತಿದ್ದರು. ನಿರ್ಣಯ ಇಲಾಖೆಗೆ ಹೋಯಿತು. ಮುಂದಿನ ವರ್ಷದ ಪ್ರವೇಶ ಪ್ರಕಟಣೆಯಲ್ಲಿ ಪಿಸಿಎಂ ಇರಲಿಲ್ಲ. ಅಭ್ಯರ್ಥಿಗಳಾಗಿ ಬಂದ ಹುಡುಗಿಯರಲ್ಲಿ ಇಬ್ಬರು ಕಲಾ ವಿಭಾಗಕ್ಕೆ ಸೇರಿದರು, ಉಳಿದವರು ಮರಳಿ ಬರಲಿಲ್ಲ.

ಆ ವಿಭಾಗಕ್ಕೆ ಮಕ್ಕಳು ಕಡಿಮೆಯಾದದ್ದೇಕೆಂದು ಆ ಸ್ಲೈಡುಗಳಲ್ಲಿ ಎಲ್ಲೂ ಇರಲಿಲ್ಲ. ಭೌತಶಾಸ್ತ್ರಕ್ಕೂ ಗಣಿತಕ್ಕೂ ಕಾಯಂ ಉಪನ್ಯಾಸಕರಿರಲಿಲ್ಲ. ಅತಿಥಿ ಉಪನ್ಯಾಸಕರ ನೇಮಕಾತಿ ಮುಗಿಯುವ ಹೊತ್ತಿಗೆ ಸೆಮಿಸ್ಟರಿನ ಅರ್ಧ ಕಳೆದಿರುತ್ತಿತ್ತು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಬಲದ ಮೇಲೆ ನಿಂತಿವೆ. ಇದು 20 ಲಕ್ಷದ ಬಡ್ಡಿಯಿಂದ ಬಗೆಹರಿಯುವ ಸಂಗತಿಯಲ್ಲ. ಹುದ್ದೆ ತುಂಬುವುದು ಸರ್ಕಾರದ ಕೆಲಸ; ಸಂಘಗಳು ಸಣ್ಣಪುಟ್ಟ ಖರ್ಚು ವಹಿಸಿಕೊಂಡಷ್ಟೂ ‘ನಿಮಗೆ ದಾನಿಗಳಿದ್ದಾರಲ್ಲ’ ಎಂದು ಇಲಾಖೆ ಜಾರಿಕೊಳ್ಳಲು ಅವಕಾಶವಾಗುತ್ತದೆ. ದಾನಿಗಳೇ ಇಲ್ಲದ ಕಾಲೇಜಿನ ಗತಿಯೇನು? ಸಿರಿವಂತರು ಓದಿದ ಕಾಲೇಜು ಬೆಳೆಯಲಿ, ಕೂಲಿಕಾರರ ಮಕ್ಕಳು ಓದಿದ್ದು ಸೊರಗಲಿ ಎಂಬುದೇ ನಿಲೇಕಣಿಯವರ ಉದಾಹರಣೆಯಿಂದ ನಾವು ಕಲಿಯಬೇಕಾದ ಪಾಠವಾದರೆ ನನಗೆ ಅದು ಬೇಡ. ಐಐಟಿಯನ್ನು ಕೇಂದ್ರ ಸರ್ಕಾರ ಸಾಕುತ್ತದೆ, 315 ಕೋಟಿ ಅದಕ್ಕೆ ಮೇಲೋಗರ. ನಮಗೆ ಅನ್ನವೇ ಇಲ್ಲ.

ಗುಣಮಟ್ಟ ಕೋಶದಲ್ಲಿ ಪ್ರತಿನಿಧಿ ಇರಬೇಕೆಂಬ ನ್ಯಾಕ್ ನಿಯಮದ ಬಗ್ಗೆ ಹೇಳುವುದಾದರೆ, ನಿಯಮ ಇದೆ, ಇರಲಿ.

ನಿವೃತ್ತಳಾಗುವ ಮುನ್ನ ಸಂಘದ ಪದಾಧಿಕಾರಿಗಳಿಗೆ ಒಂದು ಅರ್ಜಿಯ ಕರಡು ಕೊಟ್ಟಿದ್ದೆ. ಮೂರು ವಿಜ್ಞಾನ ಹುದ್ದೆಗಳನ್ನು ತುಂಬಿ, ಪಿಸಿಎಂ ಮತ್ತೆ ತೆರೆಯಿರಿ ಎಂದು ಕಾಲೇಜು ಶಿಕ್ಷಣ ಇಲಾಖೆಗೆ ಬರೆದದ್ದು. ಹಳೆಯ ವಿದ್ಯಾರ್ಥಿಗಳು ನೂರಾರು ಸಹಿ ಹಾಕಿ, ಬೆಂಗಳೂರಿನಲ್ಲಿ ಇರುವವರೇ ನೇರವಾಗಿ ಹೋಗಿ ಕೊಟ್ಟಿದ್ದರೆ ಒಂದು ರೂಪಾಯಿಯೂ ಖರ್ಚಾಗುತ್ತಿರಲಿಲ್ಲ. ‘ಅದು ರಾಜಕೀಯ ಆಗುತ್ತೆ ಮೇಡಂ’ ಎಂದು ಹಿಂತಿರುಗಿಸಿದರು. ಅಂಥ ಅರ್ಜಿಗೆ ಸಹಿ ಹಾಕುವ ಸಂಘ ಈ ಜಿಲ್ಲೆಯಲ್ಲಿ ಎಲ್ಲಾದರೂ ಇದ್ದರೆ ನನ್ನ ಪಿಂಚಣಿಯಿಂದ ಪ್ರತಿ ತಿಂಗಳು ಚಂದಾ ಕೊಡಲು ಸಿದ್ಧಳಿದ್ದೇನೆ. ಅದಕ್ಕೆ ಪ್ರತಿಯಾಗಿ ಯಾವ ಸಮಿತಿಯಲ್ಲೂ ನನಗೆ ಜಾಗ ಬೇಡ.