ಮಸಿ ಹಚ್ಚದ ಓಟು

ಮಾರ್ಚ್ ತಿಂಗಳು ಬಂತು ಅಂದ್ರೆ ನನ್ನ ವಾಟ್ಸಾಪ್‌ಗೆ ಒಂದೇ ಫೋಟೋ ಹತ್ತು ಕಡೆಯಿಂದ ಬರುತ್ತದೆ. ಜಗತ್ತಿನಲ್ಲೇ ಅತಿ ಸಂತೋಷದ ದೇಶ ಫಿನ್‌ಲ್ಯಾಂಡ್ ಅಂತ. 2018ರಿಂದ 2025ರವರೆಗೆ ಸತತ ಎಂಟು ಸಲ ಇವರೇ ಮೊದಲು. ಕೆಳಗೆ ಚಿಕ್ಕಮ್ಮನ ಒಂದು ಸಾಲು: "ಪುಣ್ಯ ಮಾಡಿದ್ದೆ ಕಣೇ ನೀನು." ನಾನು ಆ ಹೊತ್ತಿಗೆ ಮೈನಸ್ ಎಂಟರ ಚಳಿಯಲ್ಲಿ, ಬಸ್ ಸ್ಟಾಪಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ನಿಂತಿರುತ್ತೇನೆ. ನನ್ನ ಜೊತೆ ಇನ್ನೂ ನಾಲ್ಕು ಜನ. ಒಬ್ಬರಿಗೊಬ್ಬರಿಗೆ ಎರಡು ಮಾರು ದೂರ. ಯಾರ ಮುಖದಲ್ಲೂ ನಗು ಇಲ್ಲ.

ಆ ಪಟ್ಟಿ ಮಾಡುವವರು ಜನರನ್ನು ಕೇಳುವ ಪ್ರಶ್ನೆಯೇ ಬೇರೆ. ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲಿರುವ ಏಣಿ ಅಂದುಕೊಳ್ಳಿ, ನಿಮ್ಮ ಬದುಕು ಎಷ್ಟನೇ ಮೆಟ್ಟಿಲಲ್ಲಿದೆ? ಇಲ್ಲಿಯವರು ಹೆಚ್ಚೂಕಡಿಮೆ ಏಳೂವರೆ ದಾಟಿಸಿ ಹೇಳುತ್ತಾರೆ. ಅಷ್ಟೇ. ಕುಣಿದಾಡುತ್ತೀರಾ ಅಂತ ಯಾರೂ ಕೇಳಿಲ್ಲ, ಇವರು ಹೂಂ ಅಂದೂ ಇಲ್ಲ.

ನಾನು 2022ರ ಜನವರಿಯಲ್ಲಿ ಬಂದೆ. ಬೆಳಗ್ಗೆ ಒಂಬತ್ತಾದರೂ ಸೂರ್ಯನ ಪತ್ತೆ ಇರಲಿಲ್ಲ, ಮಧ್ಯಾಹ್ನ ಮೂರೂವರೆ ಹೊತ್ತಿಗೆ ಮತ್ತೆ ಕತ್ತಲು. ಮೊದಲ ತಿಂಗಳು ಕಿಟಕಿ ಪಕ್ಕ ಕೂತು ಅತ್ತಿದ್ದೂ ಇದೆ. ಮೂರು ವರ್ಷ ಆದ ಮೇಲೆ ನನಗನ್ನಿಸೋದು, ಈ ದೇಶದ ಗುಟ್ಟು ಸಂತೋಷದಲ್ಲಿಲ್ಲ. ಸಣ್ಣ ಸಣ್ಣ ವಿಷಯಕ್ಕೂ 'ನೀನೇನಂತೀಯ' ಅಂತ ಕೇಳುವ ಒಂದು ವ್ಯವಸ್ಥೆ ಇದೆ. ಅದರಲ್ಲಿದೆ.

ಮೊದಲು ಊರಿನ ಅಂದಾಜು ಕೊಡ್ತೀನಿ. ಕರ್ನಾಟಕ 1,91,791 ಚದರ ಕಿಲೋಮೀಟರ್ ಅಲ್ವಾ, ಫಿನ್‌ಲ್ಯಾಂಡ್ ಸುಮಾರು 3,38,000. ಅಂದ್ರೆ ನಮ್ಮ ರಾಜ್ಯದ ಒಂದೂಮುಕ್ಕಾಲು ಪಟ್ಟು. ಜನ ಎಷ್ಟು? 56 ಲಕ್ಷ. ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಅದರಲ್ಲೂ ಜಾಸ್ತಿ ಜನ ದಕ್ಷಿಣದ ಕಡಲ ಅಂಚಿಗೆ ಅಂಟಿಕೊಂಡಿದ್ದಾರೆ. ಉಳಿದದ್ದು ಕಾಡು ಮತ್ತು ನೀರು. 1,88,000 ಸರೋವರ ಅಂತ ಹೆಮ್ಮೆಯಿಂದ ಹೇಳುತ್ತಾರೆ. ಲೆಕ್ಕ ಹೇಗೆ ಅಂತ ನೋಡಿದೆ. 500 ಚದರ ಮೀಟರ್ ಇದ್ದರೆ ಸಾಕಂತೆ. ಐದು ಗುಂಟೆ! ನಮ್ಮ ತಿಪಟೂರಿನ ತೋಟದ ಹೊಂಡಗಳನ್ನೆಲ್ಲ ಹೀಗೆ ಎಣಿಸಿದರೆ ನಾವೂ ಏನು ಕಮ್ಮಿ ಇಲ್ಲ.

ಇನ್ನೊಂದು ಸೋಜಿಗ ಇದೆ. ಪರಶುರಾಮ ಕೊಡಲಿ ಎಸೆದು ಕಡಲನ್ನು ಹಿಂದೆ ಸರಿಸಿದ ಅಂತ ಕರಾವಳಿಯವರು ಹೇಳ್ತಾರಲ್ಲ, ಇಲ್ಲಿ ಕೊಡಲಿ ಇಲ್ಲದೆಯೇ ಅದು ನಡೆಯುತ್ತಿದೆ. ಹಿಮಯುಗದಲ್ಲಿ ಕಿಲೋಮೀಟರುಗಟ್ಟಲೆ ದಪ್ಪದ ಮಂಜುಗಡ್ಡೆ ಈ ನೆಲವನ್ನು ಅದುಮಿಟ್ಟಿತ್ತು. ಅದು ಕರಗಿ ಸಾವಿರಾರು ವರ್ಷ ಆದರೂ ನೆಲ ಇನ್ನೂ ಮೇಲೇಳುತ್ತಲೇ ಇದೆ. ಪಶ್ಚಿಮ ತೀರದ ಕ್ವಾರ್ಕೆನ್ ಕಡೆ ವರ್ಷಕ್ಕೆ ಎಂಟು ಮಿಲಿಮೀಟರ್‌ನಷ್ಟು. ಅಲ್ಲಿನ ವಾಸಾ ಊರು 1852ರಲ್ಲಿ ಸುಟ್ಟುಹೋಯಿತು. ಅಷ್ಟು ಹೊತ್ತಿಗೆ ಬಂದರಿನ ನೀರು ದೂರ ಸರಿದಿತ್ತು. ಸರಿ, ಹೊಸ ಊರನ್ನು ಸುಮಾರು ಏಳು ಕಿಲೋಮೀಟರ್ ಆಚೆ, ಕಡಲ ಹತ್ತಿರ ಕಟ್ಟಿದರು. ಹೀಗೆ ಎದ್ದ ನೆಲ ದಡದಲ್ಲಿ ಮನೆ ಇರುವವನಿಗೆ ತಾನಾಗಿ ಸೇರುವುದಿಲ್ಲ. ಮೊದಲು ನೀರು ಯಾರದಾಗಿತ್ತೋ ನೆಲವೂ ಅವರದೇ. ಅಂದ್ರೆ ತಾತ ಕಡಲಿಗೆ ಮುಖ ಮಾಡಿ ಕಟ್ಟಿದ ಮನೆಯ ಮುಂದೆ ಮೊಮ್ಮಗನ ಕಾಲಕ್ಕೆ ಬೇರೆಯವರ ಜಮೀನು. ಅಪ್ಪನಿಗೆ ಇದನ್ನು ಹೇಳಿದಾಗ ತುಂಬಾ ಹೊತ್ತು ನಕ್ಕರು. ಹದ್ದುಬಸ್ತಿನ ಜಗಳ ನೋಡಿ ನೋಡಿ ಬೇಸತ್ತವರು ಅವರು.

ಈಗ ಅಸಲು ವಿಷಯ. ಇಲ್ಲಿ ಪಾಲಿಕೆ, ಪಂಚಾಯಿತಿ ಎಲ್ಲದಕ್ಕೂ ಒಂದೇ ಹೆಸರು, ಕುಂತಾ. ಸಂಸತ್ತಿಗೆ ಎಡುಸ್ಕುಂತಾ. ನಮ್ಮ ಕಡೆ 'ಕುಂತ್ಕಳಿ' ಅಂತಾರಲ್ಲ, ಹಾಗೇ ನೆನಪಿಟ್ಟುಕೊಂಡೆ. ದೇಶದಲ್ಲಿ ಮುನ್ನೂರು ಚಿಲ್ಲರೆ ಕುಂತಾಗಳಿವೆ. ಹೆಲ್ಸಿಂಕಿಯಲ್ಲಿ ಏಳು ಲಕ್ಷದ ಹತ್ತಿರ ಜನ. ಆಲಂಡ್ ದ್ವೀಪಗಳ ಸೊಟ್ಟುಂಗಾದಲ್ಲಿ ನೂರರ ಆಸುಪಾಸು. ನಮ್ಮ ಕಡೆ ಒಂದು ಮದುವೆಗೆ ಬರುವ ಜನಕ್ಕಿಂತ ಕಮ್ಮಿ, ಆದರೂ ಅವರಿಗೆ ಅವರದೇ ಕೌನ್ಸಿಲ್. ಶಿಶುವಿಹಾರ, ಶಾಲೆ, ಗ್ರಂಥಾಲಯ, ರಸ್ತೆಯ ಹಿಮ ಎತ್ತೋದು, ಎಲ್ಲ ಕುಂತಾದ ಕೆಲಸ. ಆಸ್ಪತ್ರೆಗಳೂ ಮೊದಲು ಅವರ ಕೈಯಲ್ಲೇ ಇದ್ದವು. 2023ರಿಂದ 21 ಪ್ರಾಂತ್ಯಗಳಿಗೆ ಹಂಚಿದ್ದಾರೆ, ಹೆಲ್ಸಿಂಕಿಗೆ ಮಾತ್ರ ಬೇರೆ ಏರ್ಪಾಡು.

ನಾವಿರೋದು ಎಸ್ಪೋದಲ್ಲಿ, ಹೆಲ್ಸಿಂಕಿಯ ಪಕ್ಕ. ಮೂರು ಲಕ್ಷ ದಾಟಿದ ಊರು. ಸುಮಾರು ನಾಲ್ಕರಲ್ಲಿ ಒಬ್ಬರ ತಾಯ್ನುಡಿ ಫಿನ್ನಿಷ್ಷೂ ಅಲ್ಲ, ಸ್ವೀಡಿಷ್ಷೂ ಅಲ್ಲ. ನನ್ನ ಹೆಸರಿನ ಮುಂದೆ ಸರ್ಕಾರಿ ದಾಖಲೆಯಲ್ಲಿ 'ಕನ್ನಡ' ಅಂತಲೇ ಬರೆಸಿದ್ದೇನೆ. ಅದರಿಂದ ಏನು ಲಾಭ ಗೊತ್ತಿಲ್ಲ, ಸುಮ್ನೆ ಒಂದು ಖುಷಿ.

2025ರ ವಸಂತದಲ್ಲಿ ಸರ್ಕಾರದಿಂದ ಒಂದು ಪತ್ರ ಬಂತು. ಏಪ್ರಿಲ್ 13ಕ್ಕೆ ಕುಂತಾ ಚುನಾವಣೆ, ನಿಮ್ಮ ಮತಗಟ್ಟೆ ಇಂಥ ಶಾಲೆ. ಯಾರದೋ ಪತ್ರ ನಮಗೆ ಬಂದಿದೆ ಅಂದುಕೊಂಡೆ. ನನ್ನದು ಈಗಲೂ ನೀಲಿ ಬಣ್ಣದ ಭಾರತದ ಪಾಸ್‌ಪೋರ್ಟ್. ವಿಚಾರಿಸಿದರೆ, ಇಲ್ಲಿ ಎರಡು ವರ್ಷ ಬಿಡದೆ ವಾಸ ಇದ್ದರೆ ಯಾವ ದೇಶದವರಾದರೂ ಕುಂತಾಕ್ಕೆ ಓಟು ಹಾಕಬಹುದು. ನಿಲ್ಲಲೂಬಹುದು.

ಯಾರಿಗೆ ಹಾಕೋದು? ನೂರಾರು ಅಭ್ಯರ್ಥಿಗಳು. ಅದಕ್ಕೂ ಒಂದು ದಾರಿ ಇಟ್ಟಿದ್ದಾರೆ. ಸಾರ್ವಜನಿಕ ಪ್ರಸಾರ ಸಂಸ್ಥೆ ಯ್ಲೆ 1996ರಿಂದ ಒಂದು ಪ್ರಶ್ನಾವಳಿ ನಡೆಸುತ್ತಿದೆ. ಸಣ್ಣ ಶಾಲೆಗಳನ್ನು ಮುಚ್ಚಬಹುದೇ? ದುಡ್ಡು ಸಾಲದಿದ್ದರೆ ತೆರಿಗೆ ಏರಿಸೋಣವೇ? ಇಂಥವಕ್ಕೆ ನಾವು ಉತ್ತರ ಕೊಟ್ಟರೆ, ಅದೇ ಪ್ರಶ್ನೆಗಳಿಗೆ ಅಭ್ಯರ್ಥಿಗಳು ಕೊಟ್ಟ ಉತ್ತರದ ಜೊತೆ ತಾಳೆ ಹಾಕಿ ತೋರಿಸುತ್ತದೆ. ಜಾತಕ ಕೂಡಿಸಿದ ಹಾಗೆ. ನನಗೆ ಗಣ ಕೂಡಿದ್ದು ಹೆಸರೇ ಕೇಳಿರದ ಒಬ್ಬ ನಿವೃತ್ತ ಟೀಚರ್ ಜೊತೆ.

ಆಕೆಯನ್ನು ನೋಡಿಯೇ ಬಿಡೋಣ ಅಂತ ಶನಿವಾರ ಮಾಲ್ ಮುಂದಿನ ಟೆಂಟ್‌ಗೆ ಹೋದೆ. ಒಂದೊಂದು ಪಕ್ಷಕ್ಕೂ ಒಂದೊಂದು ಟೆಂಟ್, ಅಲ್ಲಿ ಫ್ಲಾಸ್ಕ್‌ನಲ್ಲಿ ಕಾಫಿ, ಕೆಂಡದ ಮೇಲೆ ಸಾಸೇಜು. ಸಾಸೇಜು ಬೇಡ, ಕಾಫಿ ಸಾಕು ಅಂದೆ. ಧೈರ್ಯ ಮಾಡಿ ನನ್ನ ದೂರು ಹೇಳಿದೆ. ಹಿಮ ಎತ್ತುವ ಗಾಡಿ ಬೆಳಗಿನ ಜಾವ ಐದಕ್ಕೆಲ್ಲ ಬಂದು ರಸ್ತೆ ಚೊಕ್ಕ ಮಾಡುತ್ತದೆ, ಸರಿ. ಆದರೆ ಎತ್ತಿದ ಹಿಮವನ್ನು ಕಾಲುದಾರಿಯ ಬಾಯಿಗೇ ಗುಡ್ಡೆ ಹಾಕಿ ಹೋಗುತ್ತದೆ, ಮಗುವಿನ ಗಾಡಿ ತಳ್ಳೋಕೆ ಆಗಲ್ಲ. ಆಕೆ ನನ್ನ ಮುರುಕು ಫಿನ್ನಿಷ್ ಅನ್ನು ಪೂರ್ತಿ ಕೇಳಿದರು. ಪುಟ್ಟ ನೋಟ್‌ಬುಕ್ ತೆಗೆದು ಬೀದಿಯ ಹೆಸರು ಬರೆದುಕೊಂಡರು. ಮಾಡಿಸ್ತೀನಿ ಅನ್ನಲಿಲ್ಲ. "ಇದು ಗುತ್ತಿಗೆಯ ಷರತ್ತಿನಲ್ಲಿದೆಯಾ ನೋಡಬೇಕು" ಅಂದರು. ಆ ಒಂದು ಮಾತಿಗೇ ನನ್ನ ಓಟು ಹೋಯಿತು.

ಮತದಾನದ ದಿನ ಭಾನುವಾರ. ಚಳಿಗಾಲದಲ್ಲಿ ಜಾರದಿರಲಿ ಅಂತ ಕಾಲುದಾರಿಗೆಲ್ಲ ಸಣ್ಣ ಜಲ್ಲಿ ಚೆಲ್ಲಿರುತ್ತಾರೆ. ಏಪ್ರಿಲ್‌ನಲ್ಲಿ ಹಿಮ ಕರಗಿ ಜಲ್ಲಿ ಉಳಿಯುತ್ತದೆ, ಊರೆಲ್ಲ ದೂಳು. ಆ ಜಲ್ಲಿಯ ಮೇಲೆ ಕರಕರ ನಡೆದು ಶಾಲೆಗೆ ಹೋದೆ. ಕ್ಯೂನಲ್ಲಿ ಆರು ಜನ. ಗುರುತಿನ ಚೀಟಿ ತೋರಿಸಿದ್ದಕ್ಕೆ ಕುಂತಾದ ಓಟಿಗೆ ಅಂತ ಮಡಚಿದ ಒಂದು ಕಾಗದ ಕೊಟ್ಟರು. ಬಿಡಿಸಿದರೆ ಒಳಗೆ ಒಂದು ದೊಡ್ಡ ವೃತ್ತ, ಅಷ್ಟೇ. ಪಕ್ಷದ ಗುರುತಿಲ್ಲ, ಹೆಸರಿಲ್ಲ, ಬಟನ್ ಇಲ್ಲ. ನಮ್ಮ ಅಭ್ಯರ್ಥಿಯ ನಂಬರನ್ನು ಪೆನ್ಸಿಲ್‌ನಲ್ಲಿ ವೃತ್ತದೊಳಗೆ ನಾವೇ ಬರೆಯಬೇಕು. ನಂಬರುಗಳು ಶುರುವಾಗೋದೇ ಎರಡರಿಂದ. ಒಂದನೇ ನಂಬರು ಯಾರಿಗೂ ಕೊಡುವುದಿಲ್ಲ! ನನ್ನವರ ನಂಬರಿನಲ್ಲಿ ಏಳು ಇತ್ತು. ನಾನು ಬರೆಯುವ ಏಳು ಇಲ್ಲಿಯವರ ಕಣ್ಣಿಗೆ ಒಂದರ ಹಾಗೆ ಕಂಡರೆ? ಇವರ ಹಾಗೆಯೇ ನಡುವೆ ಅಡ್ಡಗೆರೆ ಎಳೆದೆ. ಕೈ ಸ್ವಲ್ಪ ನಡುಗಿತು. ಮಡಚಿ ತಂದರೆ ಅಧಿಕಾರಿ ಕಾಗದದ ಬೆನ್ನಿಗೆ ಟಪ್ ಅಂತ ಮುದ್ರೆ ಒತ್ತಿದರು. ಪೆಟ್ಟಿಗೆಗೆ ಹಾಕಿ ಹೊರಗೆ ಬಂದೆ. ಎಲ್ಲ ಸೇರಿ ಹತ್ತು ನಿಮಿಷ.

ಇಷ್ಟು ಹೊಗಳಿದ್ದಕ್ಕೆ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಎಡುಸ್ಕುಂತಾದ 200 ಸದಸ್ಯರನ್ನು ಆರಿಸುವುದು ಪೌರರು ಮಾತ್ರ. ಪೌರತ್ವಕ್ಕೆ ಮೊದಲು ಸಾಮಾನ್ಯವಾಗಿ ಐದು ವರ್ಷ ವಾಸ ಸಾಕಿತ್ತು, 2024ರ ಅಕ್ಟೋಬರ್‌ನಿಂದ ಎಂಟು ಮಾಡಿದ್ದಾರೆ. ಕೆಲಸದ ಪರವಾನಗಿ ಮೇಲೆ ಬಂದವರಿಗೆ ಕೆಲಸ ಹೋದರೆ ಮೂರು ತಿಂಗಳ ಗಡುವು, ಕೆಲವರಿಗೆ ಆರು. ಇದು 2025ರ ಜೂನ್‌ನಿಂದ. ನಿರುದ್ಯೋಗ ಜಾಸ್ತಿ ಇರುವ ಹೊತ್ತಿನಲ್ಲೇ ಈ ನಿಯಮ ಬಂದಿದೆ. ನಮ್ಮ ಬಿಲ್ಡಿಂಗಿನಲ್ಲೇ ಒಂದು ಮನೆಯವರು ಕ್ಯಾಲೆಂಡರ್ ಮೇಲೆ ದಿನ ಹೊಡೆದು ಹಾಕುತ್ತಾ ಕೂತಿದ್ದನ್ನು ನೋಡಿದ್ದೇನೆ. ಮಗ ಫಿನ್ನಿಷ್‌ನಲ್ಲೇ ಕನಸು ಕಾಣ್ತಾನೆ ಕಣ್ರೀ ಅಂದಿದ್ದರು ಆ ಮನೆಯ ತಾಯಿ. ಏಣಿಯ ಎಷ್ಟನೇ ಮೆಟ್ಟಿಲು ಅಂತ ಅವರನ್ನು ಯಾರು ಕೇಳಿದರು?

ಹಿಮ ಎಲ್ಲಿ ಗುಡ್ಡೆ ಹಾಕಬೇಕು ಅನ್ನುವುದರಲ್ಲಿ ನನಗೆ ಮಾತಿದೆ. ನಾನು ಇಲ್ಲಿರಬೇಕೋ ಬೇಡವೋ ಅನ್ನುವುದರಲ್ಲಿ ಇಲ್ಲ.

ವಿಚಿತ್ರ ಅಂದ್ರೆ ನೂರು ವರ್ಷದ ಹಿಂದೆ ಇದೇ ಕತೆ ಇಲ್ಲಿ ತಲೆಕೆಳಗಾಗಿ ನಡೆದಿತ್ತು. 1906ರಲ್ಲಿ, ಇನ್ನೂ ರಷ್ಯಾದ ಚಕ್ರವರ್ತಿಯ ಕೈಕೆಳಗಿದ್ದಾಗಲೇ, ಇಲ್ಲಿನ ಎಲ್ಲ ವಯಸ್ಕ ಗಂಡಸರಿಗೂ ಹೆಂಗಸರಿಗೂ ಸಂಸತ್ತಿಗೆ ಓಟು ಹಾಕುವ, ನಿಲ್ಲುವ ಹಕ್ಕು ಸಿಕ್ಕಿತು. 1907ರಲ್ಲಿ 19 ಹೆಂಗಸರು ಗೆದ್ದು ಒಳಗೆ ಕೂತರು. ಆದರೆ ಕುಂತಾದಲ್ಲಿ ಮಾತ್ರ ಹಳೇ ಪದ್ಧತಿ, ತೆರಿಗೆ ಕಟ್ಟುವವರಿಗೆ ಓಟು, ಜಾಸ್ತಿ ಕಟ್ಟುವವರಿಗೆ ಜಾಸ್ತಿ ಓಟು. ತೆರಿಗೆ ಕಟ್ಟಲಾಗದ ಕೂಲಿಯವ ದೇಶಕ್ಕೆ ಕಾನೂನು ಮಾಡುವವರನ್ನು ಆರಿಸಬಹುದಿತ್ತು, ತನ್ನೂರಿನ ಶಾಲೆ ನಡೆಸುವವರನ್ನಲ್ಲ. 1917ರ ಕೊನೆಗೆ ಅದನ್ನು ಸರಿ ಮಾಡುವ ಹೊತ್ತಿಗೆ ತಡವಾಗಿತ್ತು. 1918ರ ಅಂತರ್ಯುದ್ಧದಲ್ಲಿ ಮೂವತ್ತೈದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಹಸಿವು, ಜಮೀನು, ರಷ್ಯಾದ ಕ್ರಾಂತಿ, ಕಾರಣ ಹತ್ತಾರು. ಊರಿನ ಆಡಳಿತದಲ್ಲಿ ಪಾಲಿಲ್ಲದ ಸಿಟ್ಟೂ ಅವುಗಳಲ್ಲಿ ಒಂದು. ಇಷ್ಟು ಪೆಟ್ಟು ತಿಂದ ದೇಶಕ್ಕೆ, ಬಾಗಿಲು ಅರ್ಧ ತೆರೆದಿಡುವುದು ಏನು ಅಂತ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಹೇಳ್ತಾ ಇದ್ದೀನಿ.

ಅವತ್ತು ಸಂಜೆ ಬೆಂಗಳೂರಿನಲ್ಲಿರುವ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡೆ. ಅವನು ಸುಮ್ನೆ ಕೇಳಿ ಒಂದೇ ಮಾತು ಅಂದ: "ನಾನು ಕಾರ್ಪೊರೇಟರಿಗೆ ಅಂತ ಕೊನೇ ಸಲ ಓಟು ಹಾಕಿದ್ದು 2015ರಲ್ಲಿ ಕಣಮ್ಮ." ನಿಜ. ಬೆಂಗಳೂರು ಪಾಲಿಕೆಯ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ನಾನು ಎಸ್ಪೋದಲ್ಲಿ ಓಟು ಹಾಕಿದ ದಿನಕ್ಕೆ ನಾಲ್ಕೂವರೆ ವರ್ಷ ದಾಟಿತ್ತು, ಚುನಾವಣೆ ಇಲ್ಲ. ಅವನ ಬೀದಿಯ ಗುಂಡಿ ಯಾರಿಗೆ ಹೇಳೋದು ಅಂತ ಅವನಿಗೆ ಗೊತ್ತಿರಲಿಲ್ಲ. ಅವನು ಹುಟ್ಟಿದ್ದು ಅದೇ ಊರಲ್ಲಿ. ನನ್ನ ಜಂಬ ಅಲ್ಲಿಗೆ ಇಳಿಯಿತು.

ಓಟು ಹಾಕಿ ಬಂದ ಮೇಲೆ ಇಲ್ಲಿಯವರು 'ಚುನಾವಣಾ ಕಾಫಿ' ಅಂತ ಕುಡೀತಾರೆ. ಒಳ್ಳೇ ಬಟ್ಟೆ ಹಾಕಿಕೊಂಡು, ಹೊರಗೆ ಹೋಗಿ, ಜೊತೆಗೊಂದು ಬನ್ನು. ಇವರ ಕಾಫಿ ನನಗೆ ಯಾವತ್ತೂ ಕಲಗಚ್ಚು. ಹಾಗಾಗಿ ಮನೆಯಲ್ಲೇ ಡಿಕಾಕ್ಷನ್ ಇಳಿಸಿ ಲೋಟ ಹಿಡಿದು ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ.

"ಓಟ್ ಹಾಕ್ದಾ? ಎಲ್ಲಿ, ಬೆರಳು ತೋರ್ಸು."

ತೋರಿಸಿದೆ. ಕ್ಯಾಮೆರಾ ಹತ್ತಿರ ತಂದೆ. ಅಪ್ಪ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಮಸೀನೇ ಇಲ್ವಲ್ಲೇ."

"ಇಲ್ಲಿ ಹಚ್ಚಲ್ಲಪ್ಪ. ಲಿಸ್ಟಲ್ಲಿ ಹೆಸರು ಗುರುತು ಹಾಕ್ಕೊಳ್ತಾರೆ, ಅಷ್ಟೇ."

ಅಪ್ಪನಿಗೆ ಸಮಾಧಾನ ಆಗಲಿಲ್ಲ. ಲೋಕಕ್ಕೆಲ್ಲ ಮಸಿ ಕಳಿಸೋರು ನಮ್ಮ ಮೈಸೂರಿನವರು, ಇವರಿಗೊಂದು ಬಾಟ್ಲಿ ಕಳಿಸೋಕಾಗಲ್ವಾ ಅಂತ ಗೊಣಗಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು:

"ಇನ್ನೂ ಟೈಮ್ ಐತಾ? ಇನ್ನೊಂದ್ ಸಲ ಹೋಗಿ ನೋಡು."